ಕೈ ತೊಳೆಯಿರೆಂದ ವೈದ್ಯ

ತವರೂರನ್ನು ದೂರದಲ್ಲಿ ಬಿಟ್ಟು, ಹೆರಿಗೆ ಬಾಣಂತನಗಳಿಗೆಲ್ಲ ಪರನಗರದ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿರುವ ಕುಟುಂಬಗಳು ನಮ್ಮವು. ಬಾಣಂತಿಯನ್ನು ಮುಟ್ಟುವ ಮುನ್ನ ದಾದಿಯು ಕೈ ತೊಳೆದುಕೊಳ್ಳುವುದನ್ನು ನಾವು ಸಹಜವೆಂದೇ ಭಾವಿಸುತ್ತೇವೆ. ಆ ಒಂದು ಆಚಾರವನ್ನು ಆಸ್ಪತ್ರೆಗಳಲ್ಲಿ ನೆಲೆಗೊಳಿಸಲು ಹೋರಾಡಿ ನೊಂದವನು ಇಗ್ನಾಜ್ ಸೆಮ್ಮೆಲ್‌ವೈಸ್.

ಹಂಗೇರಿಯ ಬುಡಾ ಪಟ್ಟಣದಲ್ಲಿ, ದಿನಸಿ ವರ್ತಕನೊಬ್ಬನ ಮಗನಾಗಿ ಅವನು 1818ರಲ್ಲಿ ಜನಿಸಿದನು. ವೈದ್ಯವಿದ್ಯೆ ಮುಗಿಸಿ 1846ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯ ಒಂದನೆಯ ಹೆರಿಗೆ ವಿಭಾಗಕ್ಕೆ ಸಹಾಯಕನಾಗಿ ಬಂದನು. ಅಲ್ಲಿ ಅಂತಹ ವಿಭಾಗಗಳು ಎರಡು. ಒಂದನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ, ಎರಡನೆಯದರಲ್ಲಿ ಸೂಲಗಿತ್ತಿಯರೂ ಕಲಿಯುತ್ತಿದ್ದರು. ಆ ವರ್ಷ ಒಂದನೆಯದರಲ್ಲಿ ಹೆತ್ತ 4,010 ಮಂದಿಯಲ್ಲಿ 459 ತಾಯಂದಿರು ಸತ್ತರೆ, ಎರಡನೆಯದರಲ್ಲಿ 3,754 ಮಂದಿಗೆ ಸತ್ತವರು 105 ಮಾತ್ರ. ಸಾವಿಗೆ ಮುಖ್ಯ ಕಾರಣ ಬಾಣಂತಿ ನಂಜಿನ ಜ್ವರ. ಒಂದನೆಯ ವಿಭಾಗ ಬೇಡವೆಂದು ಬಡ ಗರ್ಭಿಣಿಯರು ಮೊಣಕಾಲೂರಿ ಬೇಡುತ್ತಿದ್ದರು. ದಾರಿಯಲ್ಲೇ ಹೆತ್ತು ಬಂದವರಿಗೂ ಈ ಜ್ವರ ಅಪರೂಪವೆಂದರೆ, ಆ ಆಸ್ಪತ್ರೆಗಿಂತ ಬೀದಿಯೇ ಮೇಲಾಗಿತ್ತು!

ಸೆಮ್ಮೆಲ್‌ವೈಸನು ಒಂದೊಂದೇ ವ್ಯತ್ಯಾಸವನ್ನು ಪರೀಕ್ಷಿಸಿದನು. ಸಾಯುವವರ ಬಳಿಗೆ ಪಾದ್ರಿಯು ಗಂಟೆ ಬಾರಿಸುತ್ತ ಬರುವುದನ್ನು ನಿಲ್ಲಿಸಿದನು; ಹೆರುವ ಭಂಗಿಯನ್ನು ಬದಲಾಯಿಸಿದನು. ಸಾವು ಕಡಮೆಯಾಗಲಿಲ್ಲ. 1847ರ ಮಾರ್ಚಿಯಲ್ಲಿ ಅವನ ಸ್ನೇಹಿತ, ಪ್ರಾಧ್ಯಾಪಕ ಕೊಲೆಟ್ಷ್ಕಾ, ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯ ಕತ್ತಿ ಬೆರಳಿಗೆ ತಾಗಿ ತೀರಿಕೊಂಡನು. ಅವನ ದೇಹದಲ್ಲಿ ಕಂಡ ಗುರುತುಗಳೆಲ್ಲ ಸತ್ತ ಬಾಣಂತಿಯರಲ್ಲಿ ಕಂಡವೇ. ಶವವನ್ನು ಕೊಯ್ದ ಕೈಗಳೇ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದವಲ್ಲವೆ? ಸೂಲಗಿತ್ತಿಯರಿಗೋ ಶವಪರೀಕ್ಷೆಯ ಪಾಠವೇ ಇರಲಿಲ್ಲ.

ಸಾಬೂನಿನಿಂದ ತೊಳೆದರೂ ಕೈಯಿಂದ ಹೆಣದ ವಾಸನೆ ಹೋಗುತ್ತಿರಲಿಲ್ಲ. ಅದನ್ನು ಕಳೆಯಲೆಂದೇ ಅವನು ಬ್ಲೀಚಿಂಗ್ ಪುಡಿಯ ನೀರನ್ನು ಆರಿಸಿಕೊಂಡನು. ನಮ್ಮೂರ ಬಾವಿಗಳಿಗೆ ಹಾಕುತ್ತಿದ್ದ ಪುಡಿಯೇ ಅದು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನಲ್ಲಿ 2ಕ್ಕೆ ಇಳಿಯಿತು. ಹೆಣದಿಂದಲ್ಲದೆ ರೋಗಿಯಿಂದ ರೋಗಿಗೂ ನಂಜು ದಾಟುವುದೆಂದು ಮುಂದೆ ಅರಿತು, ಉಪಕರಣಗಳನ್ನೂ ತೊಳೆಯಿಸಿದನು. ಪೆಸ್ಟ್ ನಗರದಲ್ಲಿ ಪ್ರಾಧ್ಯಾಪಕನಾದ ಮೇಲೆ ಹಾಸಿಗೆಯ ಕೊಳಕು ಬಟ್ಟೆಗಳ ಮೇಲೂ ಸಮರ ಹೂಡಿದನು. ರೋಗಾಣುಗಳ ಅರಿವೇ ಇಲ್ಲದ ಕಾಲದಲ್ಲಿ ಇಷ್ಟು ದೂರ ಕಂಡದ್ದು ಸಾಮಾನ್ಯವೆ?

ಆದರೂ ಹಿರಿಯ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಯೇ ಕೊಂದಿತೆಂದು ಒಪ್ಪುವುದು ಯಾರಿಗೆ ಸುಲಭ? 1849ರಲ್ಲಿ ಅವನ ಹುದ್ದೆ ಮುಂದುವರಿಯಲಿಲ್ಲ. ಅವನ ತಪ್ಪೂ ಇಲ್ಲದಿಲ್ಲವೆಂದು ನಮಗೆ ತೋರುತ್ತದೆ. ತನ್ನ ಶೋಧವನ್ನು ಗ್ರಂಥವಾಗಿಸಿದ್ದು 1861ರಲ್ಲಿ, ಅಷ್ಟು ತಡವಾಗಿ. ಬಳಿಕ ಒಪ್ಪದವರನ್ನು ಕೊಲೆಗಾರರೆಂದು ಬಹಿರಂಗ ಪತ್ರಗಳಲ್ಲಿ ಜರೆದನು.

1865ರ ಜುಲೈಯಲ್ಲಿ, ಬುದ್ಧಿ ಕದಡಿದ್ದ ಅವನನ್ನು ವಿಯೆನ್ನಾದ ಹುಚ್ಚಾಸ್ಪತ್ರೆಗೆ ಸೇರಿಸಿದರು. ಎರಡೇ ವಾರಗಳಲ್ಲಿ, ಆಗಸ್ಟ್ 13ರಂದು, ಗಾಯವೊಂದು ನಂಜೇರಿ ಅಲ್ಲಿಯೇ ತೀರಿಕೊಂಡನು. ವಯಸ್ಸು 47. ಅದರ ಹಿಂದಿನ ದಿನವೇ ದೂರದ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯನು, ಕಾಲು ಮುರಿದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ್ದನು. ಆ ಬಾಲಕನ ಗಾಯಕ್ಕೆ ನಂಜೇರಲಿಲ್ಲ.