ವಿಶ್ವೇಶ್ವರಯ್ಯ ಮತ್ತು ಕನ್ನಂಬಾಡಿಯ ಸುರ್ಕಿ ಗಾರೆ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ (1860–1962) ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರೂ ದಿವಾನರೂ ಆಗಿದ್ದವರು. ಇವರ ಹೆಸರಿನೊಂದಿಗೆ ನೆನಪಾಗುವ ಕೃಷ್ಣರಾಜಸಾಗರ ಅಣೆಕಟ್ಟನ್ನು ಕಲ್ಲು ಮತ್ತು ಸುರ್ಕಿ ಗಾರೆಯಿಂದ ಕಟ್ಟಲಾಗಿದೆ. ಸುರ್ಕಿ ಎಂದರೆ ಸುಟ್ಟ ಜೇಡಿಮಣ್ಣಿನ, ಸಾಮಾನ್ಯವಾಗಿ ಇಟ್ಟಿಗೆಯ, ನುಣುಪಾದ ಪುಡಿ.

ಆರಂಭಿಕ ಜೀವನ

ಇವರು ಮುದ್ದೇನಹಳ್ಳಿಯಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಪದವಿ ಪಡೆದು, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಹಾನಗಲ್ ಒಳಗೊಂಡ ಧಾರವಾಡ ಜಿಲ್ಲೆಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಧಾರವಾಡ ಮತ್ತು ವಿಜಾಪುರ ಪಟ್ಟಣಗಳ ನೀರು ಸರಬರಾಜು ಯೋಜನೆಗಳಲ್ಲಿ ಇವರು ದುಡಿದರು. ಇವರು ರೂಪಿಸಿದ ಸ್ವಯಂಚಾಲಿತ ತೂಬುಬಾಗಿಲುಗಳನ್ನು 1903ರಲ್ಲಿ ಖಡಕವಾಸ್ಲಾ ಜಲಾಶಯದಲ್ಲಿ ಅಳವಡಿಸಲಾಯಿತು.

ಕನ್ನಂಬಾಡಿ ಅಣೆಕಟ್ಟು

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾದ ವಿಶ್ವೇಶ್ವರಯ್ಯನವರು ಕಾವೇರಿಗೆ ದೊಡ್ಡ ಜಲಾಶಯದ ಯೋಜನೆಯನ್ನು ಮುಂದಿಟ್ಟರು. ಮಂಡ್ಯ ಸೀಮೆಗೆ ನೀರಾವರಿಯೂ, ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಒದಗಿಸುತ್ತಿದ್ದ ಶಿವನಸಮುದ್ರಕ್ಕೆ ನಿರಂತರ ನೀರೂ ಅದರ ಉದ್ದೇಶಗಳಾಗಿದ್ದವು. ವೆಚ್ಚದ ಭಯದಿಂದ ಸಂಸ್ಥಾನದೊಳಗೇ ವಿರೋಧ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಒಪ್ಪಿಗೆಯಿಂದ 1911ರ ನವೆಂಬರಿನಲ್ಲಿ ಕೆಲಸ ಆರಂಭವಾಯಿತು. ಮದರಾಸು ಸರ್ಕಾರ ಪೂರ್ಣ ಎತ್ತರಕ್ಕೆ ಒಪ್ಪಿರಲಿಲ್ಲ. ಆದರೂ ಮುಂದೆ ಅನುಮತಿ ದೊರೆತೇ ದೊರೆಯುವುದೆಂದು ತಳಪಾಯವನ್ನು ಪೂರ್ಣ ಎತ್ತರಕ್ಕೆ ತಕ್ಕಷ್ಟು ಅಗಲವಾಗಿಯೇ ಹಾಕಲಾಯಿತು. ಇದು ಸಣ್ಣ ಸಾಹಸವಲ್ಲ. ವಿವಾದ ಬಗೆಹರಿದದ್ದು 1924ರ ಒಪ್ಪಂದದಿಂದ.

ಆಗ ಸಿಮೆಂಟನ್ನು ಹೊರದೇಶದಿಂದ ತರಿಸಬೇಕಿತ್ತು. ಪೋರಬಂದರಿನ ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾದದ್ದು 1914ರಲ್ಲಿ. ಸುಣ್ಣ ಮತ್ತು ಇಟ್ಟಿಗೆಯ ಪುಡಿ ಸ್ಥಳೀಯವಾಗಿ ದೊರೆಯುತ್ತಿದ್ದವು. ಸುರ್ಕಿಯನ್ನು ವಿಶ್ವೇಶ್ವರಯ್ಯನವರು ಕಂಡುಹಿಡಿದರೆಂಬ ಮಾತು ಸರಿಯಲ್ಲ. ಅದು ಭಾರತದಲ್ಲಿ ಬಹು ಹಿಂದಿನಿಂದ ಬಳಕೆಯಲ್ಲಿದ್ದು, 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನಲ್ಲಿಯೂ ಇದೆ.

ಬರಿಯ ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುವುದರಿಂದ ದಪ್ಪ ಗೋಡೆಯ ಒಳಭಾಗ ಬಹುಕಾಲ ಮೆದುವಾಗಿಯೇ ಉಳಿಯುತ್ತದೆ. ಹದವಾಗಿ ಸುಟ್ಟ ಜೇಡಿಮಣ್ಣಿನ ಸಿಲಿಕಾ ಮತ್ತು ಅಲ್ಯೂಮಿನಾ ನೀರಿನ ಸಮ್ಮುಖದಲ್ಲಿ ಸುಣ್ಣದೊಡನೆ ಕೂಡಿ ಹೊಸ ಬಂಧಕವಾಗುತ್ತವೆ. ಹೀಗಾಗಿ ಈ ಗಾರೆ ನೀರಿನಡಿಯಲ್ಲಿಯೂ ಗಟ್ಟಿಯಾಗುತ್ತದೆ. ಮಣ್ಣನ್ನು ಅತಿಯಾಗಿ ಸುಟ್ಟರೆ ಈ ಗುಣ ಕುಂದುತ್ತದೆ. ಸುರ್ಕಿ ಗಾರೆ ನಿಧಾನವಾಗಿ ಬಲ ಪಡೆಯುತ್ತದೆ; ಒಸರುವ ನೀರಿನಲ್ಲಿ ಸುಣ್ಣ ಕರಗಿ ಹೋಗುವುದರಿಂದ ಇಂಥ ಅಣೆಕಟ್ಟುಗಳ ಸಂದುಗಳನ್ನು ಆಗಾಗ ಮತ್ತೆ ತುಂಬಬೇಕಾಗುತ್ತದೆ.

ಸುಮಾರು 8,600 ಅಡಿ ಉದ್ದದ ಅಣೆಕಟ್ಟು 1931ರಲ್ಲಿ ಪೂರ್ಣಗೊಂಡಿತು. ಹಳೆಯ ಕನ್ನಂಬಾಡಿ ಗ್ರಾಮ ನೀರಿನಲ್ಲಿ ಮುಳುಗಿತು.

ನಂತರದ ವರ್ಷಗಳು

1912ರಿಂದ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು 1918ರಲ್ಲಿ ಹುದ್ದೆ ತೊರೆದರು. ಅಣೆಕಟ್ಟಿನ ಉಳಿದ ಕೆಲಸವನ್ನು ಬೇರೆ ಎಂಜಿನಿಯರುಗಳು ಮುಗಿಸಿದರು. 1955ರಲ್ಲಿ ಇವರಿಗೆ ಭಾರತರತ್ನ ಸಂದಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಇಂದಿನ ಬಳಕೆ

ಸಿಮೆಂಟ್ ಅಗ್ಗವಾದಂತೆ ಸುರ್ಕಿ ಹಿಂದೆ ಸರಿಯಿತು. ಸಿಮೆಂಟಿನ ಕ್ಲಿಂಕರ್ ತಯಾರಿಕೆಯಲ್ಲಿ ಸುಣ್ಣಕಲ್ಲು ಅಪಾರ ಇಂಗಾಲದ ಡೈಆಕ್ಸೈಡನ್ನು ಬಿಡುವುದರಿಂದ ಸುಟ್ಟ ಜೇಡಿಮಣ್ಣು ಮತ್ತೆ ಗಮನ ಸೆಳೆದಿದೆ. ಅದನ್ನೂ ಸುಣ್ಣಕಲ್ಲಿನ ಪುಡಿಯನ್ನೂ ಬೆರೆಸಿದ ಸಿಮೆಂಟಿನಲ್ಲಿ ಕ್ಲಿಂಕರ್ ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸಬಹುದು. ಕಾಂಕ್ರೀಟಿನ ರಂಧ್ರಗಳು ಕಿರಿದಾಗಿ, ಕಬ್ಬಿಣಕ್ಕೆ ತುಕ್ಕು ತರುವ ಕ್ಲೋರೈಡ್ ಒಳನುಗ್ಗುವುದು ನಿಧಾನವಾಗುತ್ತದೆ. ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಈ ಬಗೆಯ ಸಿಮೆಂಟಿಗೆ ಮಾನಕವನ್ನು ಪ್ರಕಟಿಸಿತು.