ವಾರಾನ್ನದ ಹುಡುಗ ತಂದ ಪುಸ್ತಕ

ಆಲ್ಬರ್ಟ್ ಐನ್‌ಸ್ಟೀನ್ ಎಂದರೆ ನಮಗೆ ಕೆದರಿದ ಕೂದಲು, ಸಾಪೇಕ್ಷತಾ ಸಿದ್ಧಾಂತ ನೆನಪಾಗುತ್ತವೆ. ಬಾಲ್ಯದಲ್ಲಿ ಅವರು ಅಪ್ಪಟ ದೈವಭಕ್ತರಾಗಿದ್ದರು ಎಂಬುದು ಎಷ್ಟು ಮಂದಿಗೆ ಗೊತ್ತು?

1879ರ ಮಾರ್ಚ್ 14ರಂದು ಜರ್ಮನಿಯ ಉಲ್ಮ್‌ನಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು ಬೆಳೆದದ್ದು ಮ್ಯೂನಿಕ್‌ನಲ್ಲಿ. ತಂದೆ ಹರ್ಮನ್ ವಿದ್ಯುತ್ ಉಪಕರಣಗಳ ಉದ್ಯಮ ನಡೆಸುತ್ತಿದ್ದರು. ತಾಯಿ ಪೌಲಿನ್‌ಗೆ ಸಂಗೀತವೆಂದರೆ ಪ್ರಾಣ. ಮನೆಯಲ್ಲಿ ಧಾರ್ಮಿಕ ಆಚರಣೆಗಳಿರಲಿಲ್ಲ, ಯಹೂದಿಗಳ ಆಹಾರ ನಿಯಮವನ್ನೂ ಪಾಲಿಸುತ್ತಿರಲಿಲ್ಲ.

ಬಾಲಕ ಸೇರಿದ್ದು ಕ್ಯಾಥೊಲಿಕ್ ಶಾಲೆಗೆ. ಅಲ್ಲಿ ಕ್ರೈಸ್ತ ಧರ್ಮದ ಪಾಠ ಕೇಳಿದ. ಯಹೂದಿ ಧರ್ಮವನ್ನು ಬಂಧುವೊಬ್ಬರು ಮನೆಯಲ್ಲೇ ಹೇಳಿಕೊಟ್ಟರು. ಅದು ಅವನ ಮನಸ್ಸಿಗೆ ಎಷ್ಟು ನಾಟಿತೆಂದರೆ, ಹಂದಿಮಾಂಸ ಮುಟ್ಟುವುದನ್ನೇ ಬಿಟ್ಟ. ದೇವರ ಮೇಲೆ ತಾನೇ ಪುಟ್ಟ ಹಾಡುಗಳನ್ನು ಕಟ್ಟಿ, ಶಾಲೆಯ ದಾರಿಯಲ್ಲಿ ಗುನುಗುತ್ತಿದ್ದ. ಅಪ್ಪ-ಅಮ್ಮ ಬಿಟ್ಟದ್ದನ್ನು ಮಗ ಹಿಡಿದಿದ್ದ!

ಆ ಮನೆಯಲ್ಲಿ ಒಂದು ಹಳೆಯ ಪದ್ಧತಿ ಮಾತ್ರ ಉಳಿದಿತ್ತು. ಯಹೂದಿ ಕುಟುಂಬಗಳು ಸಬ್ಬತ್ ದಿನ ಬಡ ವಿದ್ಯಾರ್ಥಿಯೊಬ್ಬನನ್ನು ಊಟಕ್ಕೆ ಕರೆಯುತ್ತಿದ್ದವು. ನಮ್ಮಲ್ಲಿದ್ದ ವಾರಾನ್ನದಂತೆಯೇ. ಐನ್‌ಸ್ಟೀನ್ ಮನೆಯಲ್ಲಿ ಅದು ಗುರುವಾರ ನಡೆಯುತ್ತಿತ್ತು. ಹಾಗೆ 1889ರಲ್ಲಿ ಬಂದವನು ಮ್ಯಾಕ್ಸ್ ಟಾಲ್ಮುಡ್ ಎಂಬ ವೈದ್ಯಕೀಯ ವಿದ್ಯಾರ್ಥಿ. ಅವನು ಹತ್ತು ವರ್ಷದ ಆಲ್ಬರ್ಟ್‌ಗೆ ಜನಪ್ರಿಯ ವಿಜ್ಞಾನದ ಪುಸ್ತಕಗಳನ್ನು, ರೇಖಾಗಣಿತವನ್ನು, ಮುಂದೆ ಕಾಂಟ್‌ನ ತತ್ವಶಾಸ್ತ್ರವನ್ನೂ ತಂದುಕೊಟ್ಟ.

ಓದುತ್ತ ಓದುತ್ತ ಧರ್ಮಗ್ರಂಥದ ಕಥೆಗಳ ಮೇಲಿದ್ದ ನಂಬಿಕೆ ಕುಸಿಯಿತು. ಆಗ ವಯಸ್ಸು ಹನ್ನೆರಡು. ಹದಿಮೂರಕ್ಕೆ ಯಹೂದಿ ಗಂಡುಮಕ್ಕಳಿಗೆ ನಡೆಯುವ ಬಾರ್ ಮಿಟ್ಜ್ವಾ ಅವನಿಗೆ ನಡೆಯಲೇ ಇಲ್ಲ. ಗುರುಹಿರಿಯರು ಹೇಳಿದ್ದನ್ನೂ ಪರೀಕ್ಷಿಸಿ ನೋಡುವ ಸ್ವಭಾವ ಆಗ ಬೆಳೆಯಿತು. ಕಾಲ, ಆಕಾಶಗಳ ಬಗ್ಗೆ ಜಗತ್ತು ಒಪ್ಪಿಕೊಂಡಿದ್ದನ್ನು 1905ರಲ್ಲಿ ಪ್ರಶ್ನಿಸಿದ್ದೂ ಅದೇ ಸ್ವಭಾವ.

ಹಾಗೆಂದು ಅವರು ತಮ್ಮ ಜನರನ್ನು ಬಿಡಲಿಲ್ಲ. 1921ರಲ್ಲಿ ಜೆರುಸಲೇಮ್‌ನ ಹೀಬ್ರೂ ವಿಶ್ವವಿದ್ಯಾಲಯಕ್ಕೆ ಹಣ ಸಂಗ್ರಹಿಸಲು ಅಮೆರಿಕ ಸುತ್ತಿದರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಜರ್ಮನಿಗೆ ಮರಳಲೇ ಇಲ್ಲ. 1952ರಲ್ಲಿ ಇಸ್ರೇಲ್‌ನ ಅಧ್ಯಕ್ಷ ಪದವಿ ಹುಡುಕಿಕೊಂಡು ಬಂದಾಗ ವಿನಯದಿಂದ ಬೇಡವೆಂದರು. ವಿಶ್ವದ ನಿಯಮಬದ್ಧ ಚೆಲುವಿನಲ್ಲೇ ದೇವರನ್ನು ಕಂಡ ಅವರು 1955ರಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳೆಲ್ಲ ಉಯಿಲಿನಂತೆ ಅದೇ ಹೀಬ್ರೂ ವಿಶ್ವವಿದ್ಯಾಲಯಕ್ಕೆ ಸೇರಿದವು.

ಬಂಧುವಿನ ಪಾಠ ಆ ಹುಡುಗನಿಗೆ ಭಕ್ತಿ ಕೊಟ್ಟಿತು, ಅತಿಥಿಯ ಪುಸ್ತಕ ಪ್ರಶ್ನೆ ಕೊಟ್ಟಿತು. ಆಚಾರಗಳನ್ನು ಬಿಟ್ಟಿದ್ದ ಅಪ್ಪ-ಅಮ್ಮ ಉಳಿಸಿಕೊಂಡದ್ದು ಹಸಿದ ವಿದ್ಯಾರ್ಥಿಗೆ ಒಂದು ಹೊತ್ತಿನ ಊಟ. ಆ ಊಟ ಇರದಿದ್ದರೆ ಆ ಪುಸ್ತಕಗಳೂ ಆ ಮನೆಗೆ ಬರುತ್ತಿರಲಿಲ್ಲ.