ಆಡೋಕೆ ಬೇಕು, ಸಾಯೋಕೂ ಬೇಕು, ಅಧಿಕಾರ ಮಾತ್ರ ಬೇಡ: ವಾಲ್ಟರ್ ಟುಲ್ ಕಥೆ

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕಬಡ್ಡಿ, ವಾಲಿಬಾಲ್ ಟೂರ್ನಮೆಂಟ್‌ಗಳಲ್ಲಿ ನಾನು ಕಂಡಿರುವ ಒಂದು ಅಲಿಖಿತ ನಿಯಮ ಇದೆ. ಚೆನ್ನಾಗಿ ಆಡುವ ಹುಡುಗ ಯಾವ ಕೇರಿಯವನಾದರೂ ಟೀಮಿಗೆ ಬೇಕು. ಕ್ಯಾಪ್ಟನ್ ಯಾರು ಅನ್ನೋ ಮಾತು ಬಂದಾಗ ಮಾತ್ರ ಕೇರಿ ನೆನಪಾಗುತ್ತೆ. ಇಂಥದ್ದೇ ನಿಯಮವನ್ನು ಬ್ರಿಟಿಷ್ ಸೇನೆ ಪುಸ್ತಕದಲ್ಲೇ ಅಚ್ಚು ಹಾಕಿಸಿತ್ತು. ಅದನ್ನು ಮೀರಿದವನು ಒಬ್ಬ ವೃತ್ತಿಪರ ಫುಟ್ಬಾಲ್ ಆಟಗಾರ, ವಾಲ್ಟರ್ ಟುಲ್.

ಟುಲ್ ಹುಟ್ಟಿದ್ದು 1888ರ ಏಪ್ರಿಲ್ 28ರಂದು, ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ. ಅಪ್ಪ ಡೇನಿಯಲ್ ಬಾರ್ಬಡೋಸ್‌ನಿಂದ ಬಂದ ಬಡಗಿ, ಗುಲಾಮಗಿರಿ ಕಂಡ ಕುಟುಂಬದವರು. ಅಮ್ಮ ಆಲಿಸ್ ಕೆಂಟ್ ಪ್ರಾಂತ್ಯದ ಬಿಳಿಯ ಹೆಣ್ಣುಮಗಳು. 1895ರಲ್ಲಿ ಅಮ್ಮ ತೀರಿಕೊಂಡರು, ಎರಡು ವರ್ಷಕ್ಕೆ ಅಪ್ಪನೂ ಹೋದರು. ಮಲತಾಯಿಗೆ ಅಷ್ಟೂ ಮಕ್ಕಳನ್ನು ಸಾಕುವ ಶಕ್ತಿ ಇರಲಿಲ್ಲ. ವಾಲ್ಟರ್ ಮತ್ತು ಅಣ್ಣ ಎಡ್ವರ್ಡ್ ಲಂಡನ್ನಿನ ಬೆತ್ನಲ್ ಗ್ರೀನ್‌ನ ಮೆಥಡಿಸ್ಟ್ ಅನಾಥಾಲಯ ಸೇರಿದರು. ಎಡ್ವರ್ಡ್‌ನನ್ನು ಗ್ಲಾಸ್ಗೋದ ಕುಟುಂಬವೊಂದು ದತ್ತು ತೆಗೆದುಕೊಂಡಿತು, ಮುಂದೆ ಆತ ದಂತವೈದ್ಯನಾದ. ವಾಲ್ಟರ್ ಅಲ್ಲೇ ಉಳಿದ, ಫುಟ್ಬಾಲ್ ಹಿಡಿದ.

1908ರಲ್ಲಿ ಕ್ಲಾಪ್ಟನ್ ಎಂಬ ಹವ್ಯಾಸಿ ಕ್ಲಬ್ ಸೇರಿದ. ಆ ಸೀಸನ್ನಿನಲ್ಲಿ ಕ್ಲಬ್ ಎಫ್‌ಎ ಅಮೆಚೂರ್ ಕಪ್ ಸೇರಿ ಮೂರು ಟ್ರೋಫಿ ಗೆದ್ದಿತು. 1909ರಲ್ಲಿ ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ಅವನನ್ನು ಕರೆಯಿತು. ಅರ್ಜೆಂಟೀನಾ, ಉರುಗ್ವೆ ಪ್ರವಾಸ ಮುಗಿಸಿ ಬಂದು ಇಂಗ್ಲೆಂಡಿನ ಅತ್ಯುನ್ನತ ಡಿವಿಷನ್ನಿನಲ್ಲಿ ಆಡಿದ. ಅಕ್ಟೋಬರ್‌ನಲ್ಲಿ ಬ್ರಿಸ್ಟಲ್ ಸಿಟಿ ವಿರುದ್ಧದ ಪಂದ್ಯದಲ್ಲಿ ಪ್ರೇಕ್ಷಕರ ಒಂದು ಗುಂಪು ಅವನ ಬಣ್ಣ ಹಿಡಿದು ಹೊಲಸು ಬೈಗುಳ ಸುರಿಸಿತು. ಆಗಿನ ಪತ್ರಕರ್ತನೊಬ್ಬ ಆ ಗುಂಪನ್ನು ತರಾಟೆಗೆ ತೆಗೆದುಕೊಂಡು, ಮೈದಾನದಲ್ಲಿ ಅತ್ಯಂತ ಘನತೆಯಿಂದ ನಡೆದುಕೊಂಡವನು ಟುಲ್ ಎಂದು ಬರೆದ. ಆದರೂ ಸ್ವಲ್ಪ ಸಮಯದಲ್ಲೇ ಟುಲ್‌ನನ್ನು ರಿಸರ್ವ್ ತಂಡಕ್ಕೆ ಇಳಿಸಲಾಯಿತು. ಟಾಟೆನ್‌ಹ್ಯಾಮ್ ಪರ ಅವನಿಗೆ ಸಿಕ್ಕಿದ್ದು ಕೇವಲ 10 ಲೀಗ್ ಪಂದ್ಯ, 2 ಗೋಲು. ಬೈದವರು ಗ್ಯಾಲರಿಯಲ್ಲೇ ಉಳಿದರು, ಬೈಸಿಕೊಂಡವನು ತಂಡದಿಂದ ಹೊರಗೆ.

ಅವನನ್ನು ಎತ್ತಿಕೊಂಡಿದ್ದು ನಾರ್ಥಾಂಪ್ಟನ್ ಟೌನ್. ಮುಂದೆ ಹಡರ್ಸ್‌ಫೀಲ್ಡ್, ಆರ್ಸೆನಲ್ ತಂಡಗಳನ್ನು ಚಾಂಪಿಯನ್ ಮಾಡಿದ ಹರ್ಬರ್ಟ್ ಚಾಪ್‌ಮನ್ ಆಗ ಅಲ್ಲಿನ ಮ್ಯಾನೇಜರ್. 1911ರಿಂದ ಯುದ್ಧ ಶುರುವಾಗುವವರೆಗೆ ಟುಲ್ ಅಲ್ಲಿ ನೂರಕ್ಕೂ ಹೆಚ್ಚು ಪಂದ್ಯ ಆಡಿದ.

1914ರ ಡಿಸೆಂಬರ್‌ನಲ್ಲಿ ಮಿಡಲ್‌ಸೆಕ್ಸ್ ರೆಜಿಮೆಂಟಿನ 17ನೇ ಬೆಟಾಲಿಯನ್ ಸೇರಿದ. ಆಟಗಾರರೂ ಅಭಿಮಾನಿಗಳೂ ತುಂಬಿದ್ದ ಅದಕ್ಕೆ ಫುಟ್ಬಾಲ್ ಬೆಟಾಲಿಯನ್ ಅಂತಲೇ ಹೆಸರು. ಫ್ರಾನ್ಸಿನ ಕಂದಕಗಳಲ್ಲಿ ಸಾರ್ಜೆಂಟ್ ಆದ. 1916ರಲ್ಲಿ ಶೆಲ್ ದಾಳಿಯ ಆಘಾತಕ್ಕೆ ಮನಸ್ಸು ಕುಸಿದು ಆಸ್ಪತ್ರೆ ಸೇರಿದ. ಚೇತರಿಸಿಕೊಂಡು ಸೊಮ್ ಕದನಕ್ಕೆ ಮರಳಿದ.

ಈಗ ಆ ನಿಯಮಕ್ಕೆ ಬರೋಣ. 1914ರ ಸೈನಿಕ ಕಾನೂನು ಕೈಪಿಡಿ ಪ್ರಕಾರ ಕಪ್ಪು ಜನ ಸೈನ್ಯ ಸೇರಬಹುದಿತ್ತು, ಆದರೆ ಅಧಿಕಾರಿಗಳಾಗಿ ಆಜ್ಞೆ ಕೊಡುವಂತಿರಲಿಲ್ಲ. ಆದರೆ ಯುದ್ಧದಲ್ಲಿ ಅಧಿಕಾರಿಗಳು ಸಾಲುಸಾಲಾಗಿ ಸಾಯುತ್ತಿದ್ದರು. ಮೇಲಿನವರು ಟುಲ್ ಹೆಸರು ಕಳಿಸಿದರು. ಸ್ಕಾಟ್ಲೆಂಡಿನಲ್ಲಿ ತರಬೇತಿ ಪಡೆದು 1917ರ ಮೇ 30ರಂದು ಆತ ಸೆಕೆಂಡ್ ಲೆಫ್ಟಿನೆಂಟ್ ಆದ. ಅವನೇ ಮೊದಲ ಕಪ್ಪು ಅಧಿಕಾರಿ ಅಂತ ಬಹಳ ಕಡೆ ಓದುತ್ತೇವೆ, ಅದು ಸರಿಯಲ್ಲ. ಜಮೈಕಾ ಮೂಲದ ಜಾರ್ಜ್ ಬೆಮಂಡ್ 1915ರಲ್ಲೇ ಅಧಿಕಾರಿಯಾಗಿದ್ದ. 'ಮೊದಲಿಗ' ಪಟ್ಟ ಯಾರದು ಅನ್ನೋದಕ್ಕಿಂತ ನನಗೆ ಮುಖ್ಯ ಅನಿಸುವುದು ಬೇರೆ: ಒಬ್ಬೊಬ್ಬರನ್ನು ಸದ್ದಿಲ್ಲದೆ ಒಳಗೆ ಬಿಟ್ಟುಕೊಂಡರು, ನಿಯಮವನ್ನು ಮಾತ್ರ ಹಾಗೇ ಇಟ್ಟುಕೊಂಡರು.

ಇಟಲಿಯ ಪಿಯಾವೆ ನದಿ ದಾಟಿ ಟುಲ್ ಶತ್ರು ನೆಲದ ಮೇಲೆ ರಾತ್ರಿ ದಾಳಿ ನಡೆಸಿದ. ತನ್ನ ಜನರನ್ನೆಲ್ಲ ಜೀವಂತ ವಾಪಸ್ ಕರೆತಂದದ್ದಕ್ಕೆ ಮೇಜರ್ ಜನರಲ್ ಸಿಡ್ನಿ ಲಾಫರ್ಡ್ ಅವನ ಧೈರ್ಯ, ಸಮಾಧಾನ ಎರಡನ್ನೂ ಮೆಚ್ಚಿದ. 1918ರ ಮಾರ್ಚ್ 25ರಂದು ಫ್ರಾನ್ಸಿನ ಫಾವ್ರೊಯ್ ಹತ್ತಿರ, ಜರ್ಮನ್ನರ ದೊಡ್ಡ ದಾಳಿಯ ನಡುವೆ ಗುಂಡು ತಗುಲಿ ಸತ್ತ. ವಯಸ್ಸು 29. ಲೆಸ್ಟರ್‌ನ ಮಾಜಿ ಗೋಲ್‌ಕೀಪರ್ ಟಾಮ್ ಬಿಲ್ಲಿಂಗ್‌ಹ್ಯಾಮ್ ಗುಂಡಿನ ಮಳೆಯಲ್ಲೇ ಅವನನ್ನು ಎಳೆದು ತರಲು ನೋಡಿದ, ಆಗಲಿಲ್ಲ. ದೇಹ ಸಿಗಲೇ ಇಲ್ಲ. ಆರಾಸ್ ಸ್ಮಾರಕದ ಗೋಡೆಯಲ್ಲಿ ಹೆಸರಷ್ಟೇ ಇದೆ.

ಮಿಲಿಟರಿ ಕ್ರಾಸ್ ಪದಕಕ್ಕೆ ಶಿಫಾರಸಾಗಿದೆ ಅಂತ ಅಧಿಕಾರಿಗಳು ಅಣ್ಣನಿಗೆ ಬರೆದಿದ್ದರು. ಪದಕ ಬರಲಿಲ್ಲ. ಹೋರಾಟಗಾರರು ಕೇಳುತ್ತಲೇ ಬಂದರೂ ಹಳೇ ಯುದ್ಧದ ಪದಕಗಳ ಕಡತ ಮತ್ತೆ ತೆರೆಯಲ್ಲ ಅನ್ನೋದು ಸರ್ಕಾರದ ಉತ್ತರ.

ಇದು ದೂರದ ಕಥೆ ಅಲ್ಲ. ಟುಲ್ ಸತ್ತ ಆರು ತಿಂಗಳಿಗೆ, ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಹೈಫಾ ಗೆದ್ದರು. ಭಾರತೀಯ ಸೇನೆಯಲ್ಲಿ ಆಗ ಎಷ್ಟೇ ಅನುಭವಿ ಸುಬೇದಾರನಾದರೂ ನಿನ್ನೆ ಮೊನ್ನೆ ಬಂದ ಬ್ರಿಟಿಷ್ ಹುಡುಗನಿಗಿಂತ ಕೆಳಗೆ. ಕಿಂಗ್ಸ್ ಕಮಿಷನ್ ಭಾರತೀಯರಿಗೆ ತೆರೆದದ್ದು 1917ರ ಆಗಸ್ಟ್‌ನಲ್ಲಿ. ಕೊಡಗಿನ ಕಾರ್ಯಪ್ಪ ಅಧಿಕಾರಿಯಾದದ್ದು 1919ರಲ್ಲಿ.

ಬ್ರಿಟಿಷರನ್ನಷ್ಟೇ ಬೈದು ಮುಗಿಸುವ ಹಾಗೂ ಇಲ್ಲ. ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಾಲ್ವಣಕರ್ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಹಿಂದೂ ತಂಡ ಅವರಿಂದ ಬೌಲಿಂಗ್ ಮಾಡಿಸಿಕೊಂಡಿತು, ನಾಯಕತ್ವ ಮಾತ್ರ ಕೊಡಲಿಲ್ಲ. ಅದು ತಮ್ಮ ವಿಠಲರಿಗೆ ಸಿಗಲು 1923 ಬರಬೇಕಾಯಿತು. ಹಾಗಾಗಿ ಯಾವುದೇ ತಂಡ, ಪಕ್ಷ, ಸಂಘಟನೆ ತಾನು ಎಲ್ಲರನ್ನೂ ಒಳಗೊಂಡಿದ್ದೇನೆ ಅಂದಾಗ ಆಡುವವರ ಪಟ್ಟಿ ನೋಡಿ ಸುಮ್ಮನಾಗಬೇಡಿ. ಅಲ್ಲಿ ಆಜ್ಞೆ ಕೊಡುವವರು ಯಾರು ಅಂತ ಕೇಳಿ.